ಗುರುವಾರ ಅಪ್ಪನೂ ಬರಲಿ
ಜಗಳೂರು ಸೀಮೆಯ ಹಳ್ಳಿಗಳಲ್ಲಿ ಲಸಿಕೆಯ ದಿನವಾದ ಗುರುವಾರ ಅಂಗನವಾಡಿಗೆ ಕೂಸನ್ನೆತ್ತಿಕೊಂಡು ಬರುವವರು ಹೆಚ್ಚಾಗಿ ತಾಯಿ, ಇಲ್ಲವೇ ಅಜ್ಜಿ. ಅಪ್ಪ ಮೆಕ್ಕೆಜೋಳದ ಹೊಲದಲ್ಲೋ ದಾವಣಗೆರೆಯ ಕೆಲಸದಲ್ಲೋ ಇರುತ್ತಾನೆ. ಊರಲ್ಲೇ ಇದ್ದರೂ ಬೈಕಿನಿಂದ ಇಳಿಸಿ ಹೊರಟುಬಿಡುತ್ತಾನೆ. ಇದರ ತೊಂದರೆ ಗೊತ್ತಾಗುವುದು ಆ ರಾತ್ರಿ. ಒಂದೂವರೆ ತಿಂಗಳಿಗೆ ಹಾಕುವ ಪೆಂಟಾವೇಲೆಂಟ್ ಚುಚ್ಚುಮದ್ದಿನಿಂದ ಮೈ ಬಿಸಿಯಾಗಬಹುದು, ತೊಡೆ ಊದಬಹುದು, ಒಂದೆರಡು ದಿನದಲ್ಲಿ ಇಳಿಯುತ್ತದೆ ಎಂದು ನರ್ಸಮ್ಮ ಹೇಳಿದ್ದನ್ನು ಕೇಳಿಸಿಕೊಂಡವಳು ತಾಯಿ ಮಾತ್ರ. ಅಪ್ಪನೋ, ‘ಚೆನ್ನಾಗಿದ್ದ ಕೂಸಿಗೆ ಜ್ವರ ಬರಿಸಿಕೊಂಡು ಬಂದ್ಯಲ್ಲ’ ಎಂದು ರೇಗುತ್ತಾನೆ. ಎರಡೂವರೆ, ಮೂರೂವರೆ ತಿಂಗಳ ಸೂಜಿಗಳು ಹೀಗೆಯೇ ತಪ್ಪಿಹೋಗುವುದುಂಟು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಸೇರಿ ಐದು ರೋಗಗಳನ್ನು ತಡೆಯುವ ಮದ್ದಿದು. ಮೂರೂ ಡೋಸ್ ಬೀಳಲೇಬೇಕು. 1985ರಲ್ಲಿ ಶುರುವಾಗಿ ಸರ್ಕಾರವೇ ನಡೆಸುತ್ತಿರುವ ಲಸಿಕೆ ಕಾರ್ಯಕ್ರಮದಲ್ಲಿ ಇದನ್ನು ಹಾಕುತ್ತಾರೆ, ಒಂದು ಕಾಸೂ ಕೊಡಬೇಕಿಲ್ಲ. ಮನೆಯ ಗಂಡಸಿನ ಒಂದು ಗದರಿಕೆಗೆ ಕೂಸಿನ ಲಸಿಕೆ ನಿಂತುಹೋಗುವುದು ಸಂಕಟದ ಸಂಗತಿ. ಆಶಾ ಕಾರ್ಯಕರ್ತೆಯರು ಅಪ್ಪನ ನಂಬರನ್ನೂ ಬರೆದುಕೊಂಡು ಬುಧವಾರವೇ ಅವನಿಗೊಂದು ಫೋನ್ ಮಾಡಲಿ. ಅಪ್ಪಂದಿರೇ, ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಲಸಿಕೆಯಿದೆ. ತಾಯಿ ಕಾರ್ಡ್ ತೆಗೆದು ತಾರೀಖು ನೋಡಿ, ಕೂಸನ್ನು ನಿಮ್ಮ ತೊಡೆಯ ಮೇಲೇ ಕೂರಿಸಿಕೊಳ್ಳಿ, ಸೂಜಿ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಇರಿ.