ನಳಿಗೆಯ ತುದಿಗೂ ಒಂದು ದಾಖಲೆ ಇರಲಿ

ಅಮೆರಿಕದಲ್ಲಿ ಸೈಲೆನ್ಸರ್ ಮೇಲಿದ್ದ 200 ಡಾಲರ್ ತೆರಿಗೆ 2026ರ ಜನವರಿ 1ರಿಂದ ಸೊನ್ನೆಯಾಗಿದೆ. ತೆರಿಗೆ ಹೋದರೆ ಹೋಗಲಿ, ನೋಂದಣಿ ಮಾತ್ರ ಉಳಿಯಬೇಕು ಎಂದು ನಾನು ಬರೆದದ್ದು ಹಲವರನ್ನು ಕೆರಳಿಸಿದೆ. ಅವರಲ್ಲಿ ಹೆಚ್ಚಿನವರು ಅಲ್ಲೇ ನೆಲೆಸಿ, ಬಿಡುವಿನ ದಿನ ಶೂಟಿಂಗ್ ರೇಂಜಿಗೆ ಹೋಗುವ ಕನ್ನಡಿಗರು. ಬೈಗುಳವನ್ನು ಬದಿಗಿಟ್ಟು ವಾದಗಳನ್ನಷ್ಟೇ ಎತ್ತಿಕೊಳ್ಳುತ್ತೇನೆ.

ಮೊದಲನೆಯದು, ನಾನು ಸಿನಿಮಾ ನೋಡಿ ಬರೆದಿದ್ದೇನೆ ಎಂಬ ಮೂದಲಿಕೆ. ಸೈಲೆನ್ಸರ್ ಹಾಕಿದ ರೈಫಲ್ ಪಿಸುಗುಡುವುದಿಲ್ಲ ಎಂಬುದು ನಿಜ. ಎಆರ್-15 ರೈಫಲ್ ಸಿಡಿದಾಗ ಹತ್ತಿರದಲ್ಲಿ ಸುಮಾರು 165 ಡೆಸಿಬಲ್ ಸದ್ದು. ನಳಿಗೆಯ ಬಾಯಿಂದ ನುಗ್ಗುವ ಬಿಸಿ ಅನಿಲವನ್ನು ಸೈಲೆನ್ಸರ್ ಒಳಗಿನ ಚಿಕ್ಕ ಚಿಕ್ಕ ಕೋಣೆಗಳಲ್ಲಿ ತಡೆದು, ತಣಿಸಿ, ನಿಧಾನವಾಗಿ ಹೊರಬಿಡುತ್ತದೆ. ಅದರಿಂದ 20ರಿಂದ 35 ಡೆಸಿಬಲ್ ಇಳಿಯಬಹುದು, ಅಷ್ಟೇ. ಗುಂಡು ಸೆಕೆಂಡಿಗೆ 900 ಮೀಟರಿಗೂ ಮೀರಿ ಹಾರುತ್ತದೆ, ಶಬ್ದದ ವೇಗ ಸುಮಾರು 340. ಆ ಗುಂಡು ಗಾಳಿ ಸೀಳುವಾಗ ಹೊಮ್ಮುವ ಚಟೀರೆಂಬ ಸದ್ದನ್ನು ಯಾವ ಸೈಲೆನ್ಸರೂ ಅಡಗಿಸಲಾರದು. 140 ಡೆಸಿಬಲ್ ದಾಟಿದ ಸಿಡಿತ ಕಿವಿಗೆ ಅಪಾಯ ಎಂದು ಔದ್ಯೋಗಿಕ ಆರೋಗ್ಯದ ಮಾನದಂಡಗಳೇ ಹೇಳುವುದರಿಂದ, ಕಿವಿಯ ರಕ್ಷಣೆಯ ವಾದವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. 1909ರಲ್ಲಿ ಸೈಲೆನ್ಸರಿಗೆ ಪೇಟೆಂಟ್ ಪಡೆದ ಹೈರಮ್ ಪರ್ಸಿ ಮ್ಯಾಕ್ಸಿಮ್ ಅದನ್ನು ಮಾರಿದ್ದು ಕೊಲೆಗಡುಕರಿಗಲ್ಲ, ಬೇಟೆಗಾರರಿಗೆ ಮತ್ತು ಗುರಿಕಾರರಿಗೆ. (ಮಷೀನ್ ಗನ್ ಕಂಡುಹಿಡಿದ ಹೈರಮ್ ಮ್ಯಾಕ್ಸಿಮ್ ಇವನ ಅಪ್ಪ. ಅಪ್ಪ ಎಬ್ಬಿಸಿದ ಸದ್ದನ್ನು ಮಗ ತಗ್ಗಿಸಲು ಹೊರಟದ್ದು ಚೋದ್ಯವೇ.)

ಆದರೆ ಇದೇ ನೋಂದಣಿ ಕಾನೂನು ಪಿಸ್ತೂಲಿನ ಸೈಲೆನ್ಸರಿಗೂ ಅನ್ವಯಿಸುತ್ತದೆ ಎಂಬುದನ್ನು ನನ್ನ ಟೀಕಾಕಾರರು ಜಾಣತನದಿಂದ ದಾಟಿಹೋಗುತ್ತಾರೆ. .45 ಪಿಸ್ತೂಲಿನ ಗುಂಡು ಸಾಮಾನ್ಯವಾಗಿ ಶಬ್ದದ ವೇಗವನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಚಟೀರೆನ್ನುವುದೂ ಇಲ್ಲ. 2019ರ ಮೇ 31ರಂದು ವರ್ಜೀನಿಯಾ ಬೀಚ್‌ನ ಸರ್ಕಾರಿ ಕಟ್ಟಡದಲ್ಲಿ 12 ಮಂದಿಯನ್ನು ಕೊಂದವನ ಕೈಯಲ್ಲಿದ್ದುದು ಸೈಲೆನ್ಸರ್ ಹಾಕಿದ .45 ಪಿಸ್ತೂಲು. ಕೇಳಿಸಿದ್ದು ಗುಂಡಿನ ಸದ್ದೆಂದು ತಮಗೆ ಹೊಳೆಯಲೇ ಇಲ್ಲ ಎಂದು ಬದುಕುಳಿದ ಕೆಲವರು ಹೇಳಿದರು. ಸದ್ದು ಪೂರ್ತಿ ಅಡಗಬೇಕಿಲ್ಲ. ಅದು ಗುಂಡಿನ ಸದ್ದೆಂದು ಗುರುತು ಸಿಗದಿದ್ದರೆ ಸಾಕು.

"ಆ ಸೈಲೆನ್ಸರ್ ಕಾನೂನುಬದ್ಧವಾಗಿ ಕೊಂಡದ್ದೇ ಅಲ್ಲವೇ, ನಿಮ್ಮ ನೋಂದಣಿ ಏನು ತಡೆಯಿತು?" ಎಂದು ಒಬ್ಬರು ತಿವಿದಿದ್ದಾರೆ. ಹೌದು, ತಡೆಯಲಿಲ್ಲ. ಒಂದು ಕೊಲೆಯನ್ನೂ ತಪ್ಪಿಸಿಕೊಳ್ಳಲು ಬಿಡದ ಕಾನೂನು ಯಾವ ದೇಶದಲ್ಲಿದೆಯೋ ಅವರೇ ತೋರಿಸಲಿ.

ಎರಡನೆಯ ವಾದವೇ ಅವರ ಬ್ರಹ್ಮಾಸ್ತ್ರ: ಸೈಲೆನ್ಸರ್ ಅಪರಾಧಗಳಲ್ಲಿ ಬಳಕೆಯಾಗುವುದು ತೀರಾ ಅಪರೂಪ. 2017ರಲ್ಲಿ ಅಮೆರಿಕದ ಬಂದೂಕು ನಿಯಂತ್ರಣ ಸಂಸ್ಥೆ ಎಟಿಎಫ್‌ನ ಹಿರಿಯ ಅಧಿಕಾರಿಯೊಬ್ಬರೇ ಟಿಪ್ಪಣಿಯೊಂದರಲ್ಲಿ ಹಾಗೆ ಬರೆದಿದ್ದರು. ಆಗ ನೋಂದಣಿಯಾಗಿದ್ದ ಸೈಲೆನ್ಸರ್‌ಗಳು ಸುಮಾರು 13 ಲಕ್ಷ. ಆ ಟಿಪ್ಪಣಿಯನ್ನು ನಾನೂ ನಂಬುತ್ತೇನೆ. ಆದರೆ ಆ ಸೈಲೆನ್ಸರ್‌ಗಳು ಯಾರ ಕೈ ಸೇರಿದವು? ಬೆರಳಚ್ಚು ಕೊಟ್ಟವರು, ಫೋಟೊ ಕೊಟ್ಟವರು, ಹಿನ್ನೆಲೆ ತಪಾಸಣೆಗೆ ಒಳಗಾದವರು, ತಿಂಗಳುಗಟ್ಟಲೆ ಕಾದವರು. 1934ರ ರಾಷ್ಟ್ರೀಯ ಬಂದೂಕು ಕಾಯ್ದೆ ಹಾಕಿಕೊಟ್ಟ ಜರಡಿ ಅದು. ಜರಡಿಯಿಂದ ಇಳಿದ ಹಿಟ್ಟು ನುಣುಪಾಗಿದೆ, ಆದ್ದರಿಂದ ಜರಡಿ ಬಿಸಾಡಿ ಎನ್ನುವುದು ಎಂಥ ತರ್ಕ?

ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ಅಪರೂಪಕ್ಕೆ ಕಾರಣ ನೋಂದಣಿಯೊಂದೇ ಎಂದು ನಾನು ಸಾಧಿಸಲಾರೆ. ನಳಿಗೆಗೆ ಇನ್ನೊಂದು ಗೇಣು ಕೊಳವೆ ಸೇರಿದರೆ ಪಿಸ್ತೂಲನ್ನು ಸೊಂಟದಲ್ಲಿ ಅಡಗಿಸುವುದು ಕಷ್ಟ, ಬೀದಿಯ ಪುಂಡನಿಗೆ ಅದು ಬೇಡದ ಭಾರ. ಆದರೂ, ಏಕೈಕ ಕಾರಣವಲ್ಲ ಎಂದ ಮಾತ್ರಕ್ಕೆ ಕಾರಣವೇ ಅಲ್ಲ ಎಂದಾಗುವುದಿಲ್ಲ.

ಮೂರನೆಯದು ಯೂರೋಪಿನ ಉದಾಹರಣೆ. ನಾರ್ವೆ, ಫಿನ್ಲೆಂಡ್‌ಗಳಲ್ಲಿ ಬೇಟೆಗಾರನಿಗೆ ಸೈಲೆನ್ಸರ್ ಸಲೀಸಾಗಿ ಸಿಗುತ್ತದೆ, ನೆರೆಹೊರೆಗೆ ತೊಂದರೆ ಕೊಡದಿರುವುದು ಅಲ್ಲಿ ಮರ್ಯಾದೆ ಎಂದೇ ಲೆಕ್ಕ, ಬ್ರಿಟನ್ ಕೂಡ 2025ರಲ್ಲಿ ಇದರ ಮೇಲಿನ ಲೈಸೆನ್ಸ್ ಕೈಬಿಡುವ ಮಾತೆತ್ತಿತು ಎನ್ನುತ್ತಾರೆ. ಎಲ್ಲ ಸರಿ. ಆದರೆ ಆ ದೇಶಗಳಲ್ಲಿ ಕೋವಿಯೇ ಲೈಸೆನ್ಸಿನದು. ಯಾರ ಮನೆಯಲ್ಲಿ ಯಾವ ರೈಫಲ್ ಇದೆ ಎಂದು ಪೊಲೀಸರ ಕಡತ ಹೇಳುತ್ತದೆ. ಮೂಲವಸ್ತುವೇ ದಾಖಲೆಯಲ್ಲಿರುವಾಗ ಅದರ ತುದಿಗೆ ತಿರುಗಿಸುವ ಕೊಳವೆಗೆ ಬೇರೆ ದಾಖಲೆ ಯಾಕೆ? ಅಮೆರಿಕದಲ್ಲಿ ಇದು ತಲೆಕೆಳಗು. ಸಾಮಾನ್ಯ ಬಂದೂಕುಗಳಿಗೆ ಕೇಂದ್ರ ಸರ್ಕಾರ ನೋಂದಣಿ ಪುಸ್ತಕ ಇಡಕೂಡದು ಎಂದು 1986ರ ಕಾಯ್ದೆಯೇ ಕಟ್ಟಿಹಾಕಿದೆ. ಫಿನ್ಲೆಂಡಿನ ಸೈಲೆನ್ಸರ್ ಬೇಕು ಎನ್ನುವವರು ಫಿನ್ಲೆಂಡಿನ ಬಂದೂಕು ಕಾನೂನನ್ನೂ ಬೇಕೆನ್ನಲಿ. ಆ ದಿನವೇ ನಾನು ಸೈಲೆನ್ಸರ್ ನೋಂದಣಿಯ ಮಾತು ಬಿಡುತ್ತೇನೆ.

ಕೊಡಗಿನ ಓದುಗರೊಬ್ಬರು, "ನಮಗೆ ಕೋವಿಗೇ ಲೈಸೆನ್ಸಿಲ್ಲ, ಏನು ಅನಾಹುತವಾಗಿದೆ?" ಎಂದು ಕೇಳಿದ್ದಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿ 2029ರವರೆಗೆ ಮುಂದುವರಿದಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಅಲ್ಲೂ ಜಿಲ್ಲಾಡಳಿತ ಕೊಡುವ ವಿನಾಯಿತಿ ಪತ್ರವೊಂದು ಇರುತ್ತದೆ ಎಂಬುದನ್ನು ಮಾತ್ರ ನೆನಪಿಸುತ್ತೇನೆ. ನಾನು ಕೇಳುತ್ತಿರುವುದೂ ಅಂಥ ಒಂದು ಕಾಗದವನ್ನೇ.

ನಾಲ್ಕನೆಯ ಆಕ್ಷೇಪಕ್ಕೆ ನಾನು ತಲೆಬಾಗುತ್ತೇನೆ. ಇಂದು ಸೈಲೆನ್ಸರ್, ನಾಳೆ ಸಿಡಿತದ ಬೆಳಕು ತಗ್ಗಿಸುವ ಫ್ಲ್ಯಾಶ್ ಹೈಡರ್, ನಾಡಿದ್ದು ನಳಿಗೆಯ ತುದಿಯ ಥ್ರೆಡ್ ಎಂದು ಪಟ್ಟಿ ಬೆಳೆಯುತ್ತದೆ ಎಂಬ ಭಯ ಹುಸಿಯಲ್ಲ. 1994ರಿಂದ 2004ರವರೆಗೆ ಕೆಲವು ಬಂದೂಕುಗಳ ಮೇಲೆ ಜಾರಿಯಲ್ಲಿದ್ದ ಅಮೆರಿಕದ ನಿಷೇಧ ಹಾಗೆಯೇ ಇತ್ತು. ಮ್ಯಾಗಜಿನ್ ಬಿಚ್ಚಿ ಹಾಕಬಲ್ಲ ಸ್ವಯಂಭರ್ತಿ ರೈಫಲ್‌ಗೆ ಮಡಚುವ ಹಿಂಬದಿ, ಪಿಸ್ತೂಲಿನಂಥ ಹಿಡಿ, ಬಯೊನೆಟ್ ಸಿಕ್ಕಿಸುವ ಕೊಂಡಿ, ಫ್ಲ್ಯಾಶ್ ಹೈಡರ್ ಅಥವಾ ಅದನ್ನು ಕೂರಿಸುವ ಥ್ರೆಡ್, ಗ್ರೆನೇಡ್ ಲಾಂಚರ್, ಇವುಗಳಲ್ಲಿ ಎರಡಿದ್ದರೆ ಅದು ನಿಷಿದ್ಧ. ಒಂದೇ ಇದ್ದರೆ ಅಡ್ಡಿಯಿಲ್ಲ! ತಯಾರಕರು ಕೊಂಡಿ ಕತ್ತರಿಸಿದರು, ನಳಿಗೆಯ ತುದಿ ನುಣ್ಣಗೆ ಮಾಡಿದರು, ಅದೇ ರೈಫಲ್ಲನ್ನು ಮಾರಿದರು. ಬಯೊನೆಟ್ ಚುಚ್ಚಿ ಸಾಮೂಹಿಕ ಹತ್ಯೆ ಮಾಡಿದವನನ್ನು ಅಮೆರಿಕದ ಪೊಲೀಸರು ಎಲ್ಲಿ ಕಂಡಿದ್ದರೋ. ನೋಟಕ್ಕೆ ಹೆದರಿ ಬರೆದ ಕಾನೂನಿಗೆ ಅದೇ ಗತಿ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ ಇಲ್ಲಿ ಬೇರೆ ದಾರಿ ಹಿಡಿಯಿತು. ಸಿಡಿತದ ಸದ್ದನ್ನೋ ಬೆಳಕನ್ನೋ ತಗ್ಗಿಸಲು ಮಾಡಿದ ಜೋಡಣೆಯನ್ನು ಅದು ಬಂದೂಕಿನ ವ್ಯಾಖ್ಯೆಯೊಳಗೇ ಸೇರಿಸಿದೆ. ಆಕಾರದ ಗೊಡವೆಗೆ ಹೋಗದೆ ಕೆಲಸವನ್ನು ಹೆಸರಿಸಿದ ಕ್ರಮ ನನಗೆ ಮೆಚ್ಚುಗೆ, ಬೆಳಕಿನ ವಿಷಯದಲ್ಲಿ ಅಷ್ಟು ಬಿಗಿ ಬೇಕಿತ್ತೇ ಎಂಬ ಅನುಮಾನ ಇದ್ದರೂ.

ಮನೆಯಲ್ಲೇ ಮಾಡಿಕೊಳ್ಳಬಹುದಾದ ವಸ್ತುವಿಗೆ ನೋಂದಣಿ ವ್ಯರ್ಥ ಎಂಬ ವಾದವನ್ನು ಹೆಚ್ಚು ಹೊತ್ತು ಚರ್ಚಿಸಬೇಕಿಲ್ಲ. ನೋಂದಣಿಯಿಲ್ಲದೆ ಮಾಡಿ ಇಟ್ಟುಕೊಂಡರೆ ಹತ್ತು ವರ್ಷದವರೆಗೆ ಜೈಲು ಎಂಬ ಕಲಮು ಇರುವುದರಿಂದಲೇ, ಗುಂಡು ಹಾರುವ ಮೊದಲೇ ಪೊಲೀಸರು ಅಂಥವನನ್ನು ಹಿಡಿಯಬಲ್ಲರು.

ನನ್ನನ್ನು ನಿಜಕ್ಕೂ ಯೋಚನೆಗೆ ಹಚ್ಚಿದ್ದು ಕೊನೆಯದು. 1937ರಲ್ಲಿ ಸೊನ್ಜಿನ್ಸ್ಕಿ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1934ರ ಕಾಯ್ದೆಯನ್ನು ಎತ್ತಿಹಿಡಿದದ್ದು ಅದು ತೆರಿಗೆ ಕಾಯ್ದೆ ಎಂಬ ಆಧಾರದ ಮೇಲೆ. ಈಗ ತೆರಿಗೆ ಸೊನ್ನೆ. ವಸೂಲಿಯೇ ಇಲ್ಲದ ತೆರಿಗೆಗೆ ಲೆಕ್ಕದ ಪುಸ್ತಕ ಯಾಕೆ ಎಂದು ಬಂದೂಕು ಸಂಘಟನೆಗಳು ಕೋರ್ಟು ಹತ್ತಿವೆ. ಸೈಲೆನ್ಸರನ್ನು ಕಾಯ್ದೆಯಿಂದಲೇ ಕಿತ್ತುಹಾಕುವ ಯತ್ನಕ್ಕೆ 2025ರ ಜೂನ್‌ನಲ್ಲಿ ಸೆನೆಟ್ಟಿನ ನಿಯಮಾಧಿಕಾರಿ ಒಪ್ಪದಿದ್ದಾಗ ಹುಟ್ಟಿದ ಅಡ್ಡಕೂಸು ಈ ಸೊನ್ನೆ. ಕೋರ್ಟಿನಲ್ಲಿ ಆ ಸಂಘಟನೆಗಳ ವಾದ ಗೆದ್ದರೆ ನನಗೆ ಆಶ್ಚರ್ಯವಾಗದು. ಆದರೆ ಅದು ಗೆದ್ದರೂ ಕುಸಿಯುವುದು ನೋಂದಣಿಯ ಈ ಒಂದು ಆಧಾರ. ನೋಂದಣಿ ಬೇಕೇ ಬೇಡವೇ ಎಂಬ ಪ್ರಶ್ನೆ ಇದ್ದಲ್ಲೇ ಇರುತ್ತದೆ. 1968ರ ಬಂದೂಕು ನಿಯಂತ್ರಣ ಕಾಯ್ದೆ ಅಂತರರಾಜ್ಯ ವ್ಯಾಪಾರದ ಅಧಿಕಾರದ ಮೇಲೆ ನಿಂತಿದೆ, ಸೈಲೆನ್ಸರನ್ನು ಅದೂ ಬಂದೂಕೆಂದೇ ಎಣಿಸುತ್ತದೆ. ಅದೇ ತಳಹದಿಯ ಮೇಲೆ ಅಮೆರಿಕದ ಕಾಂಗ್ರೆಸ್ ಹೊಸದಾಗಿ ನೋಂದಣಿ ಬರೆಯಲಿ: ಶುಲ್ಕವಿಲ್ಲ, ಆನ್‌ಲೈನ್ ಅರ್ಜಿ, ಉತ್ತರಕ್ಕೆ ಗಡುವು. ತಮಗೆ ಬೇಕಿರುವುದು ಕಿವಿಯ ರಕ್ಷಣೆ ಮಾತ್ರ ಎಂದು ನನಗೆ ಬರೆದವರೆಲ್ಲ ಇಂಥ ಮಸೂದೆಗೆ ಬೆಂಬಲ ಕೊಡುತ್ತಾರೆಯೇ? ಅವರ ಉತ್ತರವನ್ನು ಇದೇ ಪುಟದಲ್ಲಿ ಪ್ರಕಟಿಸಲು ಸಂಪಾದಕರು ಒಪ್ಪಿದ್ದಾರೆ.