ಹಳೇ ಟ್ಯಾಬಿಗೊಂದು ಮರದ ಪೆಟ್ಟಿಗೆ

ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಕೊಂಡ ಟ್ಯಾಬ್‌ಗಳೆಲ್ಲ ಈಗ ಎಲ್ಲಿವೆ? ಒಮ್ಮೆ ನಿಮ್ಮ ಮನೆಯ ಬೀರು ತೆಗೆದು ನೋಡಿ. ನಮ್ಮ ಅಕ್ಕನ ಮನೆಯಲ್ಲಿ ಅದು ಹಳೇ ಚಾರ್ಜರ್‌ಗಳ ಡಬ್ಬಿಯ ಕೆಳಗೆ ಮಲಗಿತ್ತು. ಹತ್ತು ಇಂಚಿನ ಆಂಡ್ರಾಯ್ಡ್ ಟ್ಯಾಬ್. ಹೊಸ ಆಪ್‌ಗಳು ಅದರಲ್ಲಿ ಓಡಲ್ಲ, ಮಾರೋಕೆ ಹೋದರೆ ಕಾಸು ಹುಟ್ಟಲ್ಲ, ಎಸೆಯೋಕೆ ಅಕ್ಕನಿಗೆ ಮನಸ್ಸಿಲ್ಲ. "ನೀನೇ ತಗೊಂಡ್ಹೋಗಿ ಏನಾದ್ರೂ ಮಾಡ್ಕೋ" ಅಂದಳು. ಅದಕ್ಕೊಂದು ಪುಟ್ಟ ಪಿನ್‌ಬಾಲ್ ಪೆಟ್ಟಿಗೆ ಮಾಡಿದ್ದು ಈ ಸಲದ ವಿಷಯ.

ಪಿನ್‌ಬಾಲ್ ಅಂದರೆ ನನ್ನ ವಯಸ್ಸಿನವರಿಗೆ ಸ್ಕೂಲಿನ ಕಂಪ್ಯೂಟರ್ ಲ್ಯಾಬ್ ನೆನಪಾಗಬೇಕು. ವಿಂಡೋಸ್ ಎಕ್ಸ್‌ಪಿಯಲ್ಲಿ ಬರುತ್ತಿದ್ದ ಆ ನೀಲಿ ಬಣ್ಣದ ಸ್ಪೇಸ್ ಕೆಡೆಟ್ ಆಟ. ಎಡಗೈಗೆ ಝಡ್ ಕೀ, ಬಲಗೈಗೆ ಓರೆ ಗೆರೆಯ ಕೀ, ಚೆಂಡು ಚಿಮ್ಮಿಸೋಕೆ ಸ್ಪೇಸ್ ಬಾರ್. ಮೇಡಂ ಬಂದ ಸದ್ದಾದರೆ ತಕ್ಷಣ ಪೇಂಟ್ ತೆರೆಯುತ್ತಿದ್ದೆವು. ಮುಂದೆ ವಿಸ್ಟಾ ಬಂದಾಗ ಆ ಆಟ ಮಾಯವಾಯಿತು. ಯಾಕೆ ಅಂತ ಮೈಕ್ರೋಸಾಫ್ಟ್‌ನ ಇಂಜಿನಿಯರ್ ರೇಮಂಡ್ ಚೆನ್ ಆಮೇಲೆ ಬರೆದಿದ್ದಾರೆ. 64 ಬಿಟ್‌ಗೆ ಬದಲಾಯಿಸಿದಾಗ ಡಿಕ್ಕಿ ಲೆಕ್ಕ ಹಾಕುವ ಭಾಗ ಕೆಟ್ಟು, ಚೆಂಡು ವಸ್ತುಗಳ ಒಳಗಿಂದಲೇ ತೂರಿಹೋಗುತ್ತಿತ್ತಂತೆ. ಬೇರೆಯವರು ಬರೆದ ಹಳೇ ಕೋಡು, ಬಹುಪಾಲಿಗೆ ವಿವರಣೆಯೇ ಇಲ್ಲ, ಸರಿಮಾಡೋಕೆ ಸಮಯವಿಲ್ಲ, ತೆಗೆದೇಬಿಟ್ಟರು. ಸಾಫ್ಟ್‌ವೇರ್ ಕೆಲಸದಲ್ಲಿರುವ ಯಾರಿಗೂ ಇದು ಓದಿ ಆಶ್ಚರ್ಯ ಆಗಲ್ಲ ಬಿಡಿ.

ಆದರೆ ಈ ಪೆಟ್ಟಿಗೆ ನಾನು ಮಾಡಿದ್ದು ನನ್ನ ಹಳೇ ನೆನಪಿಗಲ್ಲ, ಅಪ್ಪನಿಗೆ.

ಅಪ್ಪ ಮೂವತ್ತನಾಲ್ಕು ವರ್ಷ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಿಲಿಮೀಟರಿನ ನೂರನೇ ಒಂದು ಭಾಗವನ್ನು ಬೆರಳಲ್ಲೇ ಹೇಳುತ್ತಿದ್ದ ಕೈ ಅದು. ಮೂರು ವರ್ಷದಿಂದ ಆ ಬಲಗೈ ನಡುಗುತ್ತೆ. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಆ ಕಡೆಗೆ ನಾನು ಹೋಗಲ್ಲ. ನಾನು ನೋಡುತ್ತಿದ್ದದ್ದು ಇನ್ನೊಂದು. ಮೊಬೈಲಿನಲ್ಲಿ ಯುಪಿಐ ಪಿನ್ ಒತ್ತುವಾಗ ಒಂದೇ ಅಂಕಿ ಎರಡು ಸಲ ಬೀಳುತ್ತೆ. ಫೋಟೋ ನೋಡೋಕೆ ಹೋದರೆ ಸರಿದು ಮುಂದಕ್ಕೆ ಹಾರುತ್ತೆ. ಫೋನ್ ಎತ್ತೋಕೆ ಹೋದರೆ ಕಟ್ ಆಗುತ್ತೆ. ನಿಧಾನಕ್ಕೆ ಅವರು ಫೋನನ್ನೇ ಅಮ್ಮನ ಕೈಗೆ ಕೊಡಲು ಶುರುಮಾಡಿದ್ದರು. "ನೀನೇ ಒತ್ತು" ಅನ್ನೋದು ದಿನಕ್ಕೆ ಹತ್ತು ಸಲ ಕೇಳಿಸುತ್ತಿತ್ತು.

ಟಚ್ ಸ್ಕ್ರೀನು ಯಾಕೆ ಹೀಗೆ ಮಾಡುತ್ತೆ ಅಂದರೆ, ಗಾಜಿನ ಕೆಳಗೆ ಕಣ್ಣಿಗೆ ಕಾಣದ ತಂತಿಗಳ ಜಾಲರಿ ಇರುತ್ತೆ. ಅದರಲ್ಲಿ ಒಂದಿಷ್ಟು ವಿದ್ಯುದಂಶ ನಿಂತಿರುತ್ತೆ. ನಮ್ಮ ಬೆರಳು ಹತ್ತಿರ ಬಂದಾಗ ಅದು ಸ್ವಲ್ಪ ಬದಲಾಗುತ್ತೆ, ಎಲ್ಲಿ ಬದಲಾಯಿತು ಅನ್ನೋದನ್ನು ಚಿಪ್ ಅಳೆಯುತ್ತೆ. ಎಷ್ಟು ಗಟ್ಟಿಯಾಗಿ ಒತ್ತಿದಿರಿ ಅನ್ನೋದು ಅದಕ್ಕೆ ಬೇಕಿಲ್ಲ. ಬೆರಳು ಎಲ್ಲಿ ತಾಗಿತು, ಎಷ್ಟು ಹೊತ್ತು ಇತ್ತು, ಎಷ್ಟು ಸರಿಯಿತು, ಇಷ್ಟರಲ್ಲೇ ಇದು ಒತ್ತುವಿಕೆಯೋ ಎಳೆತವೋ ಅಂತ ಸಾಫ್ಟ್‌ವೇರ್ ತೀರ್ಮಾನಿಸುತ್ತೆ. ನಡುಗುವ ಬೆರಳು ನಾಲ್ಕು ಮಿಲಿಮೀಟರ್ ಸರಿದರೂ ಅದು 'ಎಳೆತ'. ಎದ್ದು ಮತ್ತೆ ತಾಗಿದರೆ ಅದು 'ಎರಡು ಸಲ'. ಸ್ಪ್ರಿಂಗ್ ಇರುವ ಬಟನ್‌ಗೆ ಈ ಗೊಡವೆ ಇಲ್ಲ. ಒಳಗೆ ಹೋಯಿತೋ ಇಲ್ಲವೋ, ಅಷ್ಟೇ.

ಪಿನ್‌ಬಾಲ್ ಆಡೋಕೆ ಬೇಕಿರೋದೂ ಎರಡೇ ಬಟನ್. ಪೆಟ್ಟಿಗೆಯ ಎಡಕ್ಕೊಂದು, ಬಲಕ್ಕೊಂದು. ಮುಖ್ಯವಾದದ್ದು ಇನ್ನೊಂದಿದೆ. ಆಡುವವನು ಎರಡೂ ಅಂಗೈಯನ್ನು ಪೆಟ್ಟಿಗೆಯ ಪಕ್ಕಕ್ಕೆ ಆನಿಸಿ ಹಿಡಿದಿರುತ್ತಾನೆ, ಅಲ್ಲಾಡುವುದು ಒಂದೊಂದು ಬೆರಳು ಮಾತ್ರ. ಅಪ್ಪ ಗೋಡೆಗೋ ಮೇಜಿಗೋ ಕೈ ಆನಿಸಿಕೊಂಡಾಗ ನಡುಕ ಅಷ್ಟು ಕಾಣಲ್ಲ ಅಂತ ನಾನು ಗಮನಿಸಿದ್ದೆ.

ಮೊದಲು ಮರದ ಕೆಲಸ. ಅಡುಗೆಮನೆಯ ಕಪಾಟು ಮಾಡಿಸಿದಾಗ ಉಳಿದಿದ್ದ 12 ಮಿಲಿಮೀಟರ್ ಪ್ಲೈವುಡ್ ಅಟ್ಟದ ಮೇಲಿತ್ತು. ನಿಜವಾದ ಪಿನ್‌ಬಾಲ್ ಯಂತ್ರದ ಮೇಜು ಸುಮಾರು ಆರೂವರೆ ಡಿಗ್ರಿ ಇಳಿಜಾರಾಗಿರುತ್ತೆ. ಆ ಲೆಕ್ಕದಲ್ಲಿ 340 ಮಿಲಿಮೀಟರ್ ಉದ್ದದ ಪೆಟ್ಟಿಗೆಗೆ ಮುಂದೆ 110, ಹಿಂದೆ 150 ಎತ್ತರ ಇಟ್ಟೆ. ಟ್ಯಾಬಿನೊಳಗಿನ ಚೆಂಡಿಗೆ ಈ ಇಳಿಜಾರು ಗೊತ್ತೇ ಆಗಲ್ಲ, ಅದರ ಗುರುತ್ವಾಕರ್ಷಣೆ ಎಲ್ಲ ಕೋಡಿನಲ್ಲೇ ಇರೋದು. ಆದರೂ ಕಣ್ಣಿಗೆ ಬೇಕು. ಸಪಾಟಾಗಿಟ್ಟರೆ ಅದು ಮೇಜಿನ ಮೇಲಿಟ್ಟ ಟ್ಯಾಬ್ ಅಷ್ಟೇ.

ಅಪ್ಪ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಿದ್ದರು. ಬಟನ್‌ಗೆ ತೂತು ಕೊರೆಯಲು ಹೋಲ್ ಸಾ ಹಾಕಿದಾಗ ತಡೆದರು. "ಒಂದೇ ಕಡೆಯಿಂದ ಪೂರ್ತಿ ಇಳಿಸಬೇಡ ಕಣೋ. ಅರ್ಧ ಇಳಿಸು, ನಡುವಿನ ಡ್ರಿಲ್ ತೂತು ಆ ಕಡೆ ಕಾಣುತ್ತಲ್ಲ, ತಿರುಗಿಸಿ ಅಲ್ಲಿಂದ ಇನ್ನರ್ಧ. ಇಲ್ಲಾಂದ್ರೆ ಹಿಂಬದಿ ಪದರ ಸಿಗಿದು ಬರುತ್ತೆ." ಹಾಗೇ ಮಾಡಿದೆ, ಅಂಚು ಬಿಸ್ಕತ್ತಿನ ಹಾಗೆ ಬಂತು. ಅಲ್ಲಿಂದ ಮುಂದೆ ಅಳತೆಯೆಲ್ಲ ಅವರದು, ಪೆನ್ಸಿಲ್ ಗೆರೆ ಎಳೆಯುವುದು ನನ್ನದು. ಬಟನ್ ಎಷ್ಟು ಹಿಂದಿರಬೇಕು ಅಂತ ತಮ್ಮ ಅಂಗೈಯನ್ನೇ ಪ್ಲೈವುಡ್‌ಗೆ ಇಟ್ಟು ತೋರಿಸಿದರು.

ಬಟನ್‌ಗಳು ಬೆಂಗಳೂರಿನ ಎಸ್.ಪಿ. ರೋಡಿನವು. ವಿಡಿಯೋ ಗೇಮ್ ಯಂತ್ರಕ್ಕೆ ಹಾಕುವ 30 ಮಿಲಿಮೀಟರ್ ಬಟನ್ ಅಂತ ಕೇಳಿ. ಎರಡು ಥರ ಬರುತ್ತವೆ. ಒಂದು ಅಂಚಿಗೆ ಕಚ್ಚಿಕೊಳ್ಳುವಂಥದ್ದು, ಅದು ತೆಳು ತಗಡಿಗೆ. ಮರಕ್ಕೆ ಬೇಕಾದದ್ದು ಹಿಂದಿನಿಂದ ನಟ್ ಹಾಕಿ ಬಿಗಿಯುವಂಥದ್ದು. ಅಂಗಡಿಯವರಿಗೆ ಪ್ಲೈವುಡ್ ದಪ್ಪ ಹೇಳಿದರೆ ಅವರೇ ಸರಿಯಾದ್ದು ಕೊಡುತ್ತಾರೆ. ಬಟನ್‌ನ ಬಾಲ ಮತ್ತು ಮೈಕ್ರೋಸ್ವಿಚ್ ಸೇರಿ ಒಳಗೆ ಆರು ಸೆಂಟಿಮೀಟರ್‌ನಷ್ಟು ಜಾಗ ತಿನ್ನುತ್ತೆ, ಎರಡೂ ಕಡೆ ಸೇರಿ ಹನ್ನೆರಡು. ಪೆಟ್ಟಿಗೆಯ ಅಗಲ ಲೆಕ್ಕ ಹಾಕುವಾಗ ಇದು ನೆನಪಿರಲಿ.

ಈಗ ಬಟನ್ ಒತ್ತಿದ್ದು ಟ್ಯಾಬಿಗೆ ಹೇಗೆ ಗೊತ್ತಾಗಬೇಕು? ಮೊದಲು ಮನೆಯಲ್ಲಿರುವ ಯಾವುದಾದರೂ ಯುಎಸ್‌ಬಿ ಕೀಬೋರ್ಡನ್ನು ಒಟಿಜಿ ಕೇಬಲ್ ಮೂಲಕ ಟ್ಯಾಬಿಗೆ ಚುಚ್ಚಿ, ನೀವು ಆರಿಸಿದ ಪಿನ್‌ಬಾಲ್ ಆಟ ಕೀ ಒತ್ತಿದರೆ ಓಗೊಡುತ್ತಾ ನೋಡಿ. ಕೆಲವು ಆಟ ಓಗೊಡುತ್ತವೆ, ಕೆಲವು ಇಲ್ಲ. ಓಗೊಡದಿದ್ದರೆ ತಾಮ್ರದ ಟೇಪಿನ ದಾರಿ ಇದೆ. ಸ್ಕ್ರೀನಿನ ಎಡ ಮೂಲೆಗೆ, ಬಲ ಮೂಲೆಗೆ ಬೆರಳಿನ ತುದಿಯಷ್ಟು ತಾಮ್ರದ ಟೇಪ್ ಅಂಟಿಸಿ, ಅಲ್ಲಿಂದ ಸ್ವಿಚ್‌ಗೆ, ಸ್ವಿಚ್‌ನಿಂದ ಟ್ಯಾಬಿನ ಯುಎಸ್‌ಬಿ ಕಿಂಡಿಯ ಲೋಹದ ಅಂಚಿಗೆ ತಂತಿ. ಬಟನ್ ಒತ್ತಿದಾಗ ಸ್ಕ್ರೀನು ಬೆರಳು ಬಂತು ಅಂದುಕೊಳ್ಳುತ್ತೆ. ತಂತಿ ಗಿಡ್ಡ ಇರಬೇಕು, ಉದ್ದವಾದರೆ ಒತ್ತದೇ ಇದ್ದರೂ ಒತ್ತಿದ ಹಾಗೆ ಆಡುತ್ತೆ.

ನನ್ನ ಆಟ ಕೀಬೋರ್ಡಿಗೆ ಓಗೊಟ್ಟಿತು. ಹಾಗಾಗಿ ಪ್ರೋ ಮೈಕ್ರೋ ಅನ್ನುವ ಪುಟ್ಟ ಆರ್ಡುಯಿನೋ ಬೋರ್ಡ್ ತಂದೆ. ಅದರಲ್ಲಿರುವ ಎಟಿಮೆಗಾ 32ಯು4 ಚಿಪ್ ತಾನೇ ಒಂದು ಯುಎಸ್‌ಬಿ ಕೀಬೋರ್ಡ್ ಅಂತ ಹೇಳಿಕೊಳ್ಳಬಲ್ಲದು. ಪ್ರತಿ ಸ್ವಿಚ್‌ನ ಒಂದು ಕಾಲು ಬೋರ್ಡಿನ ಒಂದು ಪಿನ್‌ಗೆ, ಇನ್ನೊಂದು ಕಾಲು ಎಲ್ಲವೂ ಸೇರಿ ಗ್ರೌಂಡ್‌ಗೆ. ಬ್ಲೂಟೂತ್ ಯಾಕೆ ಬೇಡ ಅಂದರೆ ಅದು ಸ್ವಲ್ಪ ತಡ ಮಾಡುತ್ತೆ. ಸ್ಕ್ರೀನು ಸೆಕೆಂಡಿಗೆ 60 ಸಲ ಬದಲಾಗುವಾಗ ಒಂದೊಂದು ಚಿತ್ರಕ್ಕೆ ಸಿಗೋದು ಸುಮಾರು 17 ಮಿಲಿಸೆಕೆಂಡ್. ಎರಡು ಚಿತ್ರದಷ್ಟು ತಡವಾದರೆ ಚೆಂಡು ಕೆಳಗೆ ಇಳಿದಿರುತ್ತೆ.

ಕೋಡು ನಲವತ್ತು ಸಾಲೂ ಇಲ್ಲ. ಯಾವ ಸ್ವಿಚ್ಚಾದರೂ ಒತ್ತಿದ ಕ್ಷಣಕ್ಕೆ ಒಳಗಿನ ಲೋಹ ಕೆಲವು ಮಿಲಿಸೆಕೆಂಡ್ ಪುಟಿಯುತ್ತೆ, ಒಂದು ಒತ್ತಿಗೆ ನಾಲ್ಕಾರು ಒತ್ತು ಕಾಣುತ್ತೆ. ಸಾಮಾನ್ಯವಾಗಿ ಅದು ನಿಲ್ಲುವ ತನಕ ಕಾದು ಆಮೇಲೆ ನಂಬುತ್ತಾರೆ. ಪಿನ್‌ಬಾಲಿಗೆ ಕಾಯುವ ಹಾಗಿಲ್ಲ. ಮೊದಲ ಸ್ಪರ್ಶವನ್ನೇ ನಂಬಿ, ಆಮೇಲೆ 5 ಮಿಲಿಸೆಕೆಂಡ್ ಏನಾದರೂ ಕಿವುಡಾಗಿರು ಅಂತ ಬರೆದೆ. ಇಷ್ಟು ಎಲ್ಲರಿಗೂ. ಬಲಗಡೆ ಬಟನ್‌ಗೆ ಇನ್ನೊಂದು ಸಾಲು ಸೇರಿಸಿದೆ. ಒತ್ತಿದ್ದನ್ನು ಕೂಡಲೇ ನಂಬು, ಬಿಟ್ಟದ್ದನ್ನು 80 ಮಿಲಿಸೆಕೆಂಡ್ ಕಳೆದ ಮೇಲೆ ನಂಬು. ನಡುಕದಲ್ಲಿ ಬೆರಳು ಅರೆಗಳಿಗೆ ಎದ್ದರೂ ಫ್ಲಿಪ್ಪರ್ ಎದ್ದೇ ಇರಲಿ ಅಂತ.

ಮೊದಲ ದಿನ ಅಪ್ಪ ಮುಕ್ಕಾಲು ಗಂಟೆ ಆಡಿದರು. ಎರಡನೇ ದಿನ ಸಂಜೆ ನಾನು ಆಫೀಸಿನಿಂದ ಬಂದ ತಕ್ಷಣ ಕೇಳಿದರು.

"ಬಲಗಡೇದು ಬಿಡೋದು ನಿಧಾನ. ಎಡಗಡೇದು ಹಾಗಿಲ್ಲ. ಸ್ಪ್ರಿಂಗ್ ಬೇರೆ ಹಾಕಿದ್ಯಾ?"

80 ಮಿಲಿಸೆಕೆಂಡ್ ಅಂದರೆ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ. ಅದನ್ನು ಆ ಕೈ ಕಂಡುಹಿಡಿದಿತ್ತು. ಇದ್ದದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ತೆಗಿ ಅದನ್ನ" ಅಂದರು. ಲ್ಯಾಪ್‌ಟಾಪ್ ತೆಗೆಯುತ್ತಿದ್ದ ಹಾಗೆ ಮತ್ತೆ ಅವರೇ, "ಅಥವಾ ತೆಗೀಬೇಡ. ಹಿಂದುಗಡೆ ಒಂದು ಸ್ವಿಚ್ ಇಡು. ಯಾವಾಗ ಬೇಕೋ ನಾನೇ ಹಾಕ್ಕೋತೀನಿ."

ಪೆಟ್ಟಿಗೆಯ ಬೆನ್ನಿಗೆ ಈಗ ಒಂದು ಟಾಗಲ್ ಸ್ವಿಚ್ ಇದೆ. ಬೆಳಗ್ಗೆ ಕೈ ಪರವಾಗಿಲ್ಲ ಅನ್ನಿಸಿದಾಗ ಅದು ಕೆಳಗಿರುತ್ತೆ. ಸಂಜೆ ಹೊತ್ತಿಗೆ ಕೆಲವು ದಿನ ಮೇಲಿರುತ್ತೆ. ನಾನು ಅದರ ಬಗ್ಗೆ ಕೇಳಲ್ಲ, ಅವರೂ ಹೇಳಲ್ಲ. ಫೋನ್ ವಿಷಯದಲ್ಲಿ ಏನೂ ಬದಲಾಗಿಲ್ಲ, ಯುಪಿಐ ಇವತ್ತಿಗೂ ಅಮ್ಮನದೇ.

ಇದು ಅದೃಷ್ಟದ ಆಟವೋ ಕೈಚಳಕದ್ದೋ ಅನ್ನುವ ಜಗಳ ಹಳೆಯದು. ನಮ್ಮ ಜಾತ್ರೆಗಳಲ್ಲಿ ಮೊಳೆ ಹೊಡೆದ ಹಲಗೆ, ಸ್ಪ್ರಿಂಗ್ ಕಡ್ಡಿ, ಗೋಲಿಯ ಆಟ ಸಿಗುತ್ತಿತ್ತಲ್ಲ, ಪಿನ್‌ಬಾಲಿನ ಅಜ್ಜ ಅಂಥದ್ದೇ. 1871ರಲ್ಲಿ ಮಾಂಟೆಗ್ಯು ರೆಡ್‌ಗ್ರೇವ್ ಅಮೆರಿಕದಲ್ಲಿ ಸ್ಪ್ರಿಂಗ್ ಕಡ್ಡಿ ಇರುವ ಹಲಗೆಗೆ ಪೇಟೆಂಟ್ ಪಡೆದ. ಬಹಳ ಕಾಲ ಚೆಂಡು ಬಿಟ್ಟ ಮೇಲೆ ಮಾಡೋಕೆ ಏನೂ ಇರಲಿಲ್ಲ. ಅದಕ್ಕೇ ಜೂಜು ಅಂತ ಹೆಸರಾಯಿತು, 1942ರಲ್ಲಿ ನ್ಯೂಯಾರ್ಕಿನ ಮೇಯರ್ ಲಗಾರ್ಡಿಯಾ ನಿಷೇಧ ಹಾಕಿ ಯಂತ್ರಗಳನ್ನು ಸುತ್ತಿಗೆಯಲ್ಲಿ ಒಡೆಸಿದರು. ಗಾಟ್ಲೀಬ್ ಕಂಪನಿಯ ಹಂಪ್ಟಿ ಡಂಪ್ಟಿ ಯಂತ್ರದಲ್ಲಿ ಬಟನ್ ಒತ್ತಿದರೆ ಬಡಿಯುವ ಫ್ಲಿಪ್ಪರ್‌ಗಳು ಬಂದದ್ದು 1947ರಲ್ಲಿ. ಆದರೂ ನಿಷೇಧ ಹೋಗಲು 1976ರ ತನಕ ಕಾಯಬೇಕಾಯಿತು. ರೋಜರ್ ಶಾರ್ಪ್ ಅನ್ನುವವರು ನಗರಸಭೆಯವರ ಎದುರಿಗೆ ಯಂತ್ರ ಇಟ್ಟು ಆಡಿ, ಚೆಂಡು ಯಾವ ಓಣಿಯಲ್ಲಿ ಇಳಿಯುತ್ತೆ ಅಂತ ಮೊದಲೇ ಹೇಳಿ ಹಾಗೇ ಇಳಿಸಿ ತೋರಿಸಿದರು. ಈ ಕತೆ ಅಪ್ಪನಿಗೆ ತುಂಬ ಹಿಡಿಸಿದೆ. ಅಕ್ಕನ ಮಗ ಬಂದಾಗಲೆಲ್ಲ "ನೋಡು, ಆ ಕೆಂಪು ದೀಪಕ್ಕೆ ಹೊಡೀತೀನಿ" ಅಂತ ಮೊದಲೇ ಸಾರುತ್ತಾರೆ. ಐದಕ್ಕೆ ಒಂದೆರಡು ಸಲ ತಾಗುತ್ತೆ.

ಮಾಡಿ ನೋಡುವವರಿಗೆ ಒಂದೆರಡು ಮಾತು. ಟ್ಯಾಬಿನ ಬೆನ್ನು ಉಬ್ಬಿದ್ದರೆ ಅಥವಾ ಸ್ಕ್ರೀನು ಅಂಚಿನಲ್ಲಿ ಎದ್ದಿದ್ದರೆ ಬ್ಯಾಟರಿ ಕೆಟ್ಟಿದೆ ಅಂತ ಅರ್ಥ, ಅದನ್ನು ಯಾವ ಪೆಟ್ಟಿಗೆಯಲ್ಲೂ ಇಡಬೇಡಿ, ಇ-ತ್ಯಾಜ್ಯಕ್ಕೆ ಕೊಡಿ. ಮಾಮೂಲಿ ಒಟಿಜಿ ಕೇಬಲ್ ಹಾಕಿದಾಗ ಟ್ಯಾಬು ಬೋರ್ಡಿಗೆ ಕರೆಂಟು ಕೊಡುತ್ತೆ, ತಾನು ಚಾರ್ಜ್ ಆಗಲ್ಲ. ಆದ್ದರಿಂದ ಟ್ಯಾಬು ಡ್ರಾಯರಿನ ಹಾಗೆ ಹಿಂದಿನಿಂದ ಸರಿದು ಬರುವಂತಿರಲಿ. ತಳದಲ್ಲಿ ಗಾಳಿಗೆ ನಾಲ್ಕು ತೂತು ಬಿಡಿ. ಬಟನ್, ಬೋರ್ಡು, ಕೇಬಲ್, ಬಣ್ಣ ಎಲ್ಲ ಸೇರಿ ನನಗೆ ಎರಡು ಸಾವಿರದ ಒಳಗೇ ಆಯಿತು, ಪ್ಲೈವುಡ್ ಬಿಟ್ಟು. ಹಿಂದಿನ ಹಲಗೆಗೆ ಅಕ್ಕನ ಮಗ ಬಿಎಂಟಿಸಿ ಬಸ್ಸಿನ ಚಿತ್ರ ಬರೆದಿದ್ದಾನೆ, ಚಕ್ರ ಮೂರೇ ಇವೆ.

ಆ ಹುಡುಗನದು ಒಂದೇ ತೊಂದರೆ. ಚೆಂಡು ನಡುವೆ ಇಳಿಯುತ್ತಿದೆ ಅಂದ ತಕ್ಷಣ ಪೆಟ್ಟಿಗೆಗೆ ಗುದ್ದುತ್ತಾನೆ. ನಿಜವಾದ ಯಂತ್ರಗಳಲ್ಲಿ ಇದಕ್ಕೆ ಮದ್ದಿದೆ, ಟಿಲ್ಟ್ ಅನ್ನುತ್ತಾರೆ. ಒಳಗೆ ಒಂದು ಬಳೆ, ಬಳೆಯ ನಡುವೆ ತೂಗುವ ಲೋಹದ ಗುಂಡು. ಮೆಲ್ಲಗೆ ತಳ್ಳಿದರೆ ಪರವಾಗಿಲ್ಲ, ಜೋರಾಗಿ ಅಲ್ಲಾಡಿಸಿದರೆ ಗುಂಡು ಬಳೆಗೆ ತಾಗಿ ಫ್ಲಿಪ್ಪರ್‌ಗಳು ಸತ್ತುಹೋಗುತ್ತವೆ, ಆ ಚೆಂಡು ಹೋದ ಹಾಗೇ. ನಮ್ಮ ಪೆಟ್ಟಿಗೆಯಲ್ಲೂ ಇದು ಸುಲಭ. ಗುಂಡು ತಾಗಿದರೆ ಹತ್ತು ಸೆಕೆಂಡ್ ಬಟನ್‌ಗಳ ಮಾತು ಕೇಳಬೇಡ ಅಂತ ಬೋರ್ಡಿಗೆ ಹೇಳಿದರಾಯಿತು, ಆಟಕ್ಕೆ ಗೊತ್ತಾಗುವ ಅಗತ್ಯವೂ ಇಲ್ಲ. ಗಾರೆಯವರು ಗೋಡೆ ನೆಟ್ಟಗಿದೆಯಾ ನೋಡೋಕೆ ಇಳಿಬಿಡುವ ಹಿತ್ತಾಳೆ ಗುಂಡಿನ ಚಿಕ್ಕದೊಂದು ಅಪ್ಪನ ಹಳೇ ಪೆಟ್ಟಿಗೆಯಲ್ಲಿ ಸಿಕ್ಕಿದೆ. ಬಳೆಗೂ ಗುಂಡಿಗೂ ನಡುವೆ ಎಷ್ಟು ಸಂದು ಬಿಡಬೇಕು ಅನ್ನೋದರಲ್ಲಿ ಮೂರು ದಿನದಿಂದ ತಾತ ಮೊಮ್ಮಗನ ನಡುವೆ ಮಾತುಕತೆ ನಡೀತಿದೆ. ಅವನು ಹತ್ತು ಮಿಲಿಮೀಟರ್ ಅನ್ನುತ್ತಾನೆ, ಇವರು ಮೂರಕ್ಕಿಂತ ಮೇಲೆ ಏರುತ್ತಿಲ್ಲ.