ಅವ್ವನ ಚರಗ

ಮಾರ್ಗಶಿರ ಮಾಸದ ಅಮಾವಾಸ್ಯೆಯನ್ನು ನಮ್ಮ ಅಕ್ಕಲಕೋಟೆ ಸೀಮೆಯ ಕನ್ನಡಿಗರು ಎಳ್ಳಮಾವಾಸ್ಯೆಯೆಂದೂ, ನೆರೆಯ ಮರಾಠಿ ಬಾಂಧವರು ವೇಳ ಅಮಾವಾಸ್ಯೆಯೆಂದೂ ಕರೆಯುವುದನ್ನು ವಾಚಕರು ಬಲ್ಲರು. ಕರಿಮಣ್ಣಿನ ಹೊಲದಲ್ಲಿ ಬಿಳಿಜೋಳ ಬೆಳೆದು ನಿಂತಿರುವ ಕಾಲವದು. ಭೂತಾಯಿ ಆಗ ಬಸುರಿ. ಅವಳ ಬಯಕೆ ತೀರಿಸುವುದೇ ಚರಗವೆಂಬುದು ಹಿರಿಯರ ನಂಬಿಕೆ.

ನಮ್ಮ ಬಾಲ್ಯದಲ್ಲಿ ಅವ್ವ ಅಂದು ಕೋಳಿ ಕೂಗುವ ಮೊದಲೇ ಎದ್ದು ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಕಡುಬು, ಪುಂಡಿಪಲ್ಯ, ಶೇಂಗಾಹಿಂಡಿ, ಅಂಬಲಿಗಳನ್ನು ಸಿದ್ಧಗೊಳಿಸುತ್ತಿದ್ದಳು. ಬಂಡಿಯಲ್ಲಿ ಹೊಲ ಸೇರಿ, ಬನ್ನಿಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಬಳಿಕ ಹೊಲದ ಸುತ್ತಲೂ ಚರಗ ಚೆಲ್ಲುತ್ತಿದ್ದೆವು. ಅವ್ವನದೇ ಒಂದು ಕಟ್ಟಳೆಯಿತ್ತು: ಮೊದಲ ತುತ್ತು ಬೆಳೆ ಸೊರಗಿದ ಮೂಲೆಗೆ.

ಒಂದು ವರ್ಷ ಮಳೆ ಕೈಕೊಟ್ಟು, ಬಿತ್ತಿದ್ದು ಮೇಲೇಳಲಿಲ್ಲ. ಈ ಸಲ ಚರಗವೇಕೆಂದು ಅಪ್ಪ ಕೇಳಿದರು. ಅವ್ವ ಬುಟ್ಟಿ ಕಟ್ಟುತ್ತಲೇ, "ಬಸರು ನಿಲ್ಲದಾಕಿಗೆ ಹಸಿವಿ ಇರೂದಿಲ್ಲೇನ್ರಿ?" ಎಂದಳು. ಅಪ್ಪ ಮರುಮಾತಾಡದೆ ಎತ್ತು ಹೂಡಿದರು.

ಇಂದು ನಮ್ಮ ಶಾಲೆಯಲ್ಲಿ ಚರಗವೆಂದರೇನೆಂದು ಕೇಳುವ ಮಕ್ಕಳಿದ್ದಾರೆ. ಶಬ್ದದ ಅರ್ಥವನ್ನು ನಾವು ಹಲಗೆಯ ಮೇಲೆ ಬರೆದು ತಿಳಿಸಬಲ್ಲೆವು. ಸೊರಗಿದ ಮೂಲೆಗೆ ಮೊದಲು ಉಣಿಸುವ ಬುದ್ಧಿಯನ್ನು ಹಲಗೆ ಕಲಿಸಲಾರದು. ಆದುದರಿಂದ ತಾಯಂದಿರೇ, ಬರುವ ಎಳ್ಳಮಾವಾಸ್ಯೆಗೆ ಚರಗದ ಬುಟ್ಟಿಯನ್ನು ಮಕ್ಕಳ ಕೈಗೇ ಕೊಡಿರಿ. ಸ್ವಂತ ಹೊಲವಿಲ್ಲದವರು ನೆರೆಯವರ ಹೊಲಕ್ಕೆ ಕರೆದೊಯ್ಯಿರಿ. ಅಂದು ಬಂದವರನ್ನು ಉಣಿಸದೆ ಕಳುಹಿಸುವ ರೂಢಿ ನಮ್ಮ ಸೀಮೆಯಲ್ಲಿಲ್ಲ.